ದಾನಿಯ ಕಡೆಯ ಬೆಸುಗೆ

ಸುಮ್ಮನೆ ಒಂದು ಊಹೆ ಮಾಡಿ ನೋಡೋಣ. ಊರಿನ ರೇಡಿಯೋಗಳನ್ನೆಲ್ಲ ರಿಪೇರಿ ಮಾಡಿ ಮಾಡಿಯೇ ತಲೆ ನೆರೆತ ಮನುಷ್ಯ. ಅವನ ಮುಂದೆ, ಹವ್ಯಾಸಕ್ಕೆ ಜೋಡಿಸುತ್ತಾರಲ್ಲ, ಅಂಥದೊಂದು ಎಫ್‌ಎಂ ರೇಡಿಯೋ ಕಿಟ್. ಅಂಗೈಯಗಲದ ಬೋರ್ಡು, ಅದರ ಮೇಲೆ ಕೆಲವು ಬಿಡಿಭಾಗ, ಅಷ್ಟೇ. ಅದನ್ನು ಮಾತಾಡಿಸಲು ಅವನಿಂದ ಆಗಲಿಲ್ಲ. ಯಾಕಿರಬಹುದು?

ಬ್ಯಾಟರಿ ಮುಗಿದಿತ್ತು ಅಂತೀರಾ? ಇಲ್ಲ, ಹೊಸದು. ಸ್ಪೀಕರ್ ಹರಿದಿತ್ತೇ? ಅದನ್ನೂ ಬದಲಿಸಿದ್ದ. ಏರಿಯಲ್ ತಂತಿ? ಬೇವಿನ ಮರದ ಮೇಲಕ್ಕೇ ಏರಿಸಿ ಕಟ್ಟಿದ್ದ.

ನೀವು ಯೋಚಿಸುತ್ತಿರಿ, ಅಷ್ಟರಲ್ಲಿ ನಾನು ಕಥೆ ಹೇಳುತ್ತೇನೆ.

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಅಡವಯ್ಯಜ್ಜ ಎಂಬ ಗುರು. ರಿಪೇರಿಯವನ ಹೆಸರು ಚಂದ್ರಾಮ. ಅವನಿಗೆ ಇದ್ದವಳು ಒಬ್ಬಳೇ ಮಗಳು, ದಾನಮ್ಮ; ಅಪ್ಪನ ಬಾಯಲ್ಲಿ ದಾನಿ. ಅಪ್ಪನ ಅಂಗಡಿಯಲ್ಲೇ ಬೆಸುಗೆ ಹಾಕುವುದನ್ನು ಕಲಿತವಳು. ಹಾಸಿಗೆ ಹಿಡಿದ ಮೇಲೂ ದಿಂಬಿಗೆ ಒರಗಿಕೊಂಡು ಆ ಕಿಟ್ ಜೋಡಿಸುತ್ತಿದ್ದಳು.

ಅವಳು ತೀರಿಹೋದಮೇಲೆ ಚಂದ್ರಾಮ ಅಂಗಡಿಗೆ ಬೀಗ ಹಾಕಿದ. ಬೋರ್ಡನ್ನು ಪಂಚೆಯಲ್ಲಿ ಸುತ್ತಿಕೊಂಡು ಮಠಕ್ಕೆ ಬಂದ.

"ಇದನ್ನ ಮಾತಾಡಿಸಪ್ಪಾ ಅಂದಿದ್ಲು ದಾನಿ. ಮಾತು ಕೊಟ್ಟೀನ್ರಿ ಅಜ್ಜಾರ. ಇದು ಮಾತಾಡೂ ತನಕ ನಾ ಮನಿಗೆ ಹೋಗಂಗಿಲ್ಲ."

"ಇರಪ್ಪ," ಎಂದರು ಅಜ್ಜ.

ದಿನಾ ಮುಂಜಾನೆ ಹೊಳೆಯಲ್ಲಿ ಮಿಂದು ಬಂದು ಅಜ್ಜ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಚಂದ್ರಾಮ, ಇವತ್ತು ಯಾವ ವಾರ?"

"ಸೋಮವಾರ್ರಿ."

ದಾನಮ್ಮ ತೀರಿಕೊಂಡದ್ದು ಸೋಮವಾರ. ಮರುದಿನ ಕೇಳಿದರೂ ಸೋಮವಾರ. ಅದರ ಮರುದಿನವೂ ಸೋಮವಾರವೇ. ಅಜ್ಜ ತಿದ್ದಲಿಲ್ಲ.

ರೇಡಿಯೋ ಮೂಕವಾಗಿಯೇ ಇತ್ತು.

ಒಂದು ದಿನ ಅಜ್ಜ ಅವನೆದುರು ಬಂದು ಕೂತರು.

"ಏನೋ ಚಂದ್ರಾಮ, ಊರ ರೇಡಿಯೋ ಎಲ್ಲಾ ಒದರಿಸಿದಾಂವ ನೀನು. ಇಷ್ಟುದ್ದ ಕೂಸಿನ ಬಾಯಿ ಬಿಡಿಸಾಕ ಆಗವಲ್ದೇನು?"

"ಎಲ್ಲಾ ನೋಡೀನ್ರಿ. ಎಲ್ಲಾ ಸರಿ ಐತಿ."

"ನನಗ ಇದರಾಗಿಂದು ಒಂದೂ ತಿಳಿಯೂದಿಲ್ಲ. ಒಂದೊಂದ ಬೆಸಗಿ ಮುಟ್ಟಿ ತೋರಿಸು."

ಚಂದ್ರಾಮ ತೋರಿಸತೊಡಗಿದ. ಇದು ಕಾಯಿಲ್‌ದು. ಇದು ಬ್ಯಾಟರಿದು. ಬೆರಳು ಸಾಲಾಗಿ ಹೋಗುತ್ತ ಒಂದು ಕಡೆ ಹಾರಿ ದಾಟಿತು.

"ನಡುವ ಒಂದು ಬಿಟ್ಟಿ."

"ಅದು ಸರಿ ಐತ್ರಿ."

"ಸರಿ ಇದ್ದದ್ದು ಮುಟ್ಟಾಕ ಯಾಕ ಅಂಜತೀ?"

ಚಂದ್ರಾಮ ತಲೆ ತಗ್ಗಿಸಿದ.

"ಇವೆಲ್ಲಾ ದಾನಿ ಹಾಕಿದ ಬೆಸಗೀನ್ರಿ. ಅದು ಕಡೀದು. ಹಾಕೂ ಮುಂದ ಆಕಿ ಕೈ ನಡುಗಿತು. ಸೀಸ ಆರೂದ್ರೊಳಗ ತಂತಿ ಅಲುಗಿತು."

"ಅಲುಗಿದ್ರ ಏನಾಗತೈತಿ?"

"ಮ್ಯಾಲ ನೋಡಿದ್ರ ಕೂಡಿದಂಗ ಕಾಣತೈತಿ. ಒಳಗ ಕೂಡಿರೂದಿಲ್ಲ."

"ನಿನಗ ಯಾವಾಗ ಗೊತ್ತಾತು?"

"ಆಕಿ ಬೆಸಗಿ ಕಡ್ಡಿ ಎತ್ತಿದ ಕೂಡ್ಲೇ."

ನೋಡಿ, ಉತ್ತರ ಸಿಕ್ಕಿತು. ಅವನಿಗೆ ಅದು ಮೊದಲಿನಿಂದಲೂ ಗೊತ್ತಿತ್ತು.

"ಮತ್ತ ಅದಕ್ಕೇನು ಮಾಡತಾರ?"

"ಕಡ್ಡಿ ಕಾಸಿ ಹಿಡದು ಕರಗಸ್ಬೇಕ್ರಿ."

"ಕರಗಿಸು."

"ಕರಗಿಸಿದ್ರ ಆಕಿ ಕೈ ಗುರುತು ಹೋಗತೈತಿ ಅಜ್ಜಾರ! ನಡುಗಿದ ಗುರುತು. ನನ್ನ ಹಂತ್ಯಾಕ ಇನ್ನೇನೈತಿ?"

ಅಜ್ಜ ಎದ್ದು ಹೋದರು.

ಮರುದಿನ ಮುಂಜಾನೆ ಅವರು ವಾರ ಕೇಳಲಿಲ್ಲ. ಬೋರ್ಡನ್ನು ಎತ್ತಿಕೊಂಡು ಹೋಗಿ ಗೋಡೆಯ ಗೂಡಿನಲ್ಲಿಟ್ಟರು. ದೀಪ ಹಚ್ಚಿದರು. ಒಂದೆಸಳು ಬಿಲ್ವಪತ್ರೆ ಇಟ್ಟರು. ಚಂದ್ರಾಮ ಕೈಮುಗಿದು ನಿಂತ. ಅವನಿಗೆ ಸಮಾಧಾನವೇ ಆಯಿತು.

ಆಮೇಲೆ ಅಜ್ಜ ಹೊಳೆನೀರಿನ ಗಿಂಡಿ ಎತ್ತಿ ಬೋರ್ಡಿನ ಮೇಲೆ ಬಗ್ಗಿಸತೊಡಗಿದರು.

ಚಂದ್ರಾಮ ಹಾರಿ ಬಂದು ಗುರುವಿನ ಮುಂಗೈಯನ್ನೇ ಹಿಡಿದುಬಿಟ್ಟ.

"ನೀರು ಬಿದ್ರ ಕೆಟ್ಟು ಹೋಗತೈತ್ರಿ!"

"ಹೋಗವಲ್ದ್ಯಾಕ. ಮಗಳ ಗದ್ದಿಗಿ ಮಾಡಿ ಇಟ್ಟಾಂವ ನೀನು. ಗದ್ದಿಗಿಗೆ ನೀರು ಹಾಕೂದು ನನ್ನ ಕೆಲಸ."

"ಗದ್ದಿಗಿ ಅಲ್ರಿ ಅದು, ರೇಡಿಯೋ!"

"ಹೌದೇನು?"

ಗಿಂಡಿ ಹಾಗೇ ಬಾಗಿಕೊಂಡಿತ್ತು. ಹಿಡಿದ ಕೈಯನ್ನು ಬಿಡಲೂ ಆಗದೆ, ಹಿಡಿದಿರಲೂ ಆಗದೆ ಚಂದ್ರಾಮ ಬಹಳ ಹೊತ್ತು ನಿಂತ.

ಕೊನೆಗೆ ಬೋರ್ಡನ್ನು ಅವನೇ ಕೆಳಗಿಳಿಸಿದ. ಪಂಚೆಯ ಸೆರಗಿನಿಂದ ಒರೆಸಿದ. ಕಡ್ಡಿಯನ್ನು ಕರೆಂಟಿಗೆ ಹಾಕಿ, ಅದು ಕಾಯುವವರೆಗೂ ಆ ಮಬ್ಬು ಸೀಸದ ಹನಿಯನ್ನೇ ನೋಡುತ್ತ ಕೂತ.

ಮುಟ್ಟಿಸಿದ. ಸಣ್ಣಗೆ ಹೊಗೆ ಎದ್ದಿತು. ಹನಿ ಕರಗಿ, ಕನ್ನಡಿಯಂತೆ ಮಿಂಚಿ, ಹಾಗೇ ಆರಿತು. ಈ ಸಲ ತಂತಿ ಅಲುಗಲಿಲ್ಲ. ನಡುಗಿದ ಗುರುತು ಎಲ್ಲೂ ಇರಲಿಲ್ಲ.

ರೇಡಿಯೋ ಮೊದಲು ಗೊರಗೊರ ಎಂದಿತು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಯಾರೋ ಹೆಣ್ಣುಮಗಳು ಮಾತಾಡಿದಳು. ಆ ದಿನದ ತಿಥಿ, ವಾರ ಹೇಳಿ, ಚಳಿ ಇನ್ನೂ ಹೆಚ್ಚಲಿದೆ ಎಂದಳು.

ಚಂದ್ರಾಮ ಸ್ಪೀಕರಿಗೆ ಕಿವಿ ಹಚ್ಚಿ ಕೂತಿದ್ದ. ಮಾತನ್ನಲ್ಲ, ದನಿಯನ್ನು ಕೇಳುತ್ತಿದ್ದ. ಅದು ಬೇರೆ ಯಾರದೋ ದನಿ.

"ಇದರಾಗ ದಾನಿ ಇಲ್ರಿ ಅಜ್ಜಾರ."

"ಇಲ್ಲಪ್ಪ."

"ಎಲ್ಲೂ ಇಲ್ರಿ."

ಅವನು ಅತ್ತು ಮುಗಿಸುವವರೆಗೂ ಅಜ್ಜ ಪಕ್ಕದಲ್ಲೇ ಕೂತಿದ್ದರು. ಆಮೇಲೆ ಗಿಂಡಿಯ ನೀರನ್ನು ಅವನ ಬೊಗಸೆಗೆ ಹಾಕಿ, ಮುಖ ತೊಳೆಯಲು ಸನ್ನೆ ಮಾಡಿದರು.

"ಚಂದ್ರಾಮ, ಇವತ್ತು ಯಾವ ವಾರ?"

"ಸೋಮ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಬುಧವಾರ, ಚಂದ್ರಾಮ. ಪುಷ್ಯ ಬಹುಳ ತದಿಗಿ, ಬುಧವಾರ."