ಬಿಲ್ಲೆ ಕಟ್ಟದ ಬೇಟೆಗಾರ

"ಗುರುಗಳೇ, ನಾನು ಮಠಕ್ಕೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿಯ ಒಂದು ನಿಯಮವನ್ನೂ ಮುರಿದಿಲ್ಲ. ಇನ್ನು ನಾನು ಕಲಿಯಬೇಕಾದದ್ದು ಏನಿದೆ?"

ಶಿಷ್ಯ ಇದನ್ನು ಜಂಬದಿಂದ ಕೇಳಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು. ಗುರುಗಳಿಗೂ ಅದು ಗೊತ್ತಿತ್ತು. ಅವರು ಕೂತುಕೊಳ್ಳುವಂತೆ ಅವನಿಗೆ ಸನ್ನೆ ಮಾಡಿ, ಒಂದು ಕತೆ ಹೇಳಿದರು.

ಒಂದು ಸಣ್ಣ ಸಂಸ್ಥಾನವಿತ್ತು. ಅದರ ಮೂಡಣಕ್ಕೆ ಮೂರು ಹರಿದಾರಿ ಉದ್ದದ ಹುಲ್ಲುಗಾವಲು. ಆ ಹುಲ್ಲಿನಲ್ಲಿ ಗೌಜಲಕ್ಕಿಗಳು ಲೆಕ್ಕವಿಲ್ಲದಷ್ಟು ಇದ್ದವು. ಬಲೆ, ಉರುಲು ಹಿಡಿದು ಬೇಟೆಯಾಡುವವರು ಹಿಂದಿನಿಂದಲೂ ಇದ್ದರು. ಅವರಿಂದ ಹಕ್ಕಿ ಕಡಿಮೆಯಾಗಿರಲಿಲ್ಲ. ಆಮೇಲೆ ಕೋವಿ ಬಂತು. ಅರಮನೆಗೆ ಬಂದ ಅತಿಥಿಗಳು ಒಂದೊಂದು ಬೆಳಿಗ್ಗೆ ನೂರು, ಇನ್ನೂರು ಹಕ್ಕಿ ಹೊಡೆದು, ಸಾಲಾಗಿ ಹರವಿ, ನೋಡಿ ಸಂತೋಷಪಟ್ಟರು. ಕೆಲವೇ ವರ್ಷಗಳಲ್ಲಿ ಹುಲ್ಲುಗಾವಲಿನಲ್ಲಿ ಬೆಳಗಿನ ಹೊತ್ತು ಹಕ್ಕಿಯ ಕೂಗೇ ಕೇಳದಂತಾಯಿತು.

ಆಗಿನ ದೊರೆ ತಾನೂ ಬೇಟೆಯ ಹುಚ್ಚಿನವನೇ. ಆದರೂ ಅವನು ಒಂದು ಕಾಯಿದೆ ಬರೆಸಿದ. ಶಿವರಾತ್ರಿಯಿಂದ ವಿಜಯದಶಮಿಯವರೆಗೆ ಯಾರೂ ಹಕ್ಕಿಯ ಬೇಟೆಯಾಡಕೂಡದು. ಅದು ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ. ವಿಜಯದಶಮಿಯಿಂದ ಮುಂದಿನ ಶಿವರಾತ್ರಿಯವರೆಗೆ ಪರವಾನಗಿ ಪಡೆದವರು ಮಾತ್ರ ಬೇಟೆಯಾಡಬಹುದು. ಪರವಾನಗಿಯ ಗುರುತಾಗಿ ನಂಬರು ಕೊರೆದ ಒಂದು ತಾಮ್ರದ ಬಿಲ್ಲೆ. ಬೇಟೆಗೆ ಹೋಗುವಾಗ ಅದನ್ನು ತೋಳಿಗೆ ಕಟ್ಟಿಕೊಂಡಿರಬೇಕು. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಕಟ್ಟುವಂತಿಲ್ಲ. ದಿನಕ್ಕೆ ಆರಕ್ಕಿಂತ ಹೆಚ್ಚು ಹಕ್ಕಿ ಹಿಡಿಯುವಂತಿಲ್ಲ. ಹಿಡಿದದ್ದನ್ನು ಹುಲ್ಲುಗಾವಲಿನ ಚೌಕಿಯಲ್ಲಿ ತೋರಿಸಿಯೇ ಮನೆಗೆ ಒಯ್ಯಬೇಕು. ದೊರೆ ಮೊದಲನೆಯ ನಂಬರಿನ ಬಿಲ್ಲೆಯನ್ನು ತನ್ನ ತೋಳಿಗೇ ಕಟ್ಟಿಕೊಂಡ. ಆ ವರ್ಷ ತಾನೂ ಆರೇ ಹಕ್ಕಿ ಹೊಡೆದು, ಚೌಕಿಯಲ್ಲಿ ಉಳಿದವರ ಹಿಂದೆ ನಿಂತು ತೋರಿಸಿದ.

ಕಾಯಿದೆ ಒಳ್ಳೆಯದಾಗಿತ್ತು. ಹತ್ತು ವರ್ಷದಲ್ಲಿ ಹಕ್ಕಿಗಳು ತಿರುಗಿ ತುಂಬಿಕೊಂಡವು. ಆ ದೊರೆ ತೀರಿಕೊಂಡ ಮೇಲೆ ಅವನ ಮಗ ಪಟ್ಟಕ್ಕೆ ಬಂದ. ಅವನು ತಂದೆಯ ಕಾಯಿದೆಯಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಮೊದಲನೆಯ ನಂಬರಿನ ಬಿಲ್ಲೆಯನ್ನು ತನ್ನ ಹೆಸರಿಗೆ ಬರೆಸಿಕೊಂಡು ತಾನೂ ಕಟ್ಟಿಕೊಂಡ.

ಕಾಯಿದೆಯನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯಿದ್ದ. ಬಹಳ ಕಟ್ಟುನಿಟ್ಟಿನವನು. ದೊರೆಯ ಭಾವಮೈದುನ ಒಮ್ಮೆ ಏಳನೆಯ ಹಕ್ಕಿ ಹೊಡೆದಾಗ, ಎಲ್ಲರ ಎದುರಿಗೇ ಅವನ ಬಿಲ್ಲೆ ಬಿಚ್ಚಿಸಿಕೊಂಡಿದ್ದ. ಜನ ಅವನಿಗೆ ಹೆದರುತ್ತಿದ್ದರು. ಗೌರವವನ್ನೂ ಕೊಡುತ್ತಿದ್ದರು.

ಅದೇ ಸೀಮೆಯಲ್ಲಿ ಒಬ್ಬ ಬೇಟೆಗಾರನಿದ್ದ. ಅವನ ಬಳಿ ಕೋವಿ ಇರಲಿಲ್ಲ, ಉರುಲು ಇತ್ತು. ಸಾಕಿದ ಗಂಡು ಗೌಜಲಕ್ಕಿಯೊಂದನ್ನು ಪಂಜರದಲ್ಲಿ ಒಯ್ದು ಕೂಗಿಸುವುದು, ಆ ಕೂಗು ಕೇಳಿ ಜಗಳಕ್ಕೆ ಬರುವ ಹಕ್ಕಿಯನ್ನು ಉರುಲಿನಲ್ಲಿ ಹಿಡಿಯುವುದು ಅವನ ಕಸುಬು. ಹಾಗೆ ಕೂಗಿ ಕರೆಯುವ ಹಕ್ಕಿಗೆ ದೀಮದ ಹಕ್ಕಿ ಎನ್ನುತ್ತಾರೆ. ಬೇಟೆಯಿಲ್ಲದ ತಿಂಗಳುಗಳಲ್ಲಿ ಅವನು ಪೊರಕೆ ಕಟ್ಟಿ, ಸೌದೆ ಹೊತ್ತು ದಿನ ಕಳೆಯುತ್ತಿದ್ದ. ವಿಜಯದಶಮಿಗಾಗಿ ಅವನ ಮನೆ ಕಾಯುತ್ತಿದ್ದಷ್ಟು ಅರಮನೆಯೂ ಕಾಯುತ್ತಿರಲಿಲ್ಲ.

ಇಲ್ಲಿ ಶಿಷ್ಯ ತಡೆದ. "ಗುರುಗಳೇ, ಹಕ್ಕಿ ಕೊಂದು ಬದುಕುವವನ ಕತೆಯಿಂದ ನಾನು ಏನು ಕಲಿಯಲಿ?"

"ಅವನು ಕೊಲ್ಲುತ್ತಿದ್ದ. ಅದನ್ನು ನಾನು ಮುಚ್ಚಿಡುವುದಿಲ್ಲ. ಮುಂದೆ ಕೇಳು," ಎಂದರು ಗುರುಗಳು.

ಒಂದು ವರ್ಷ ಮಳೆ ಹೊತ್ತಿಗೆ ಬರಲಿಲ್ಲ. ಜ್ಯೇಷ್ಠ ಹೋಯಿತು, ಆಷಾಢ ಹೋಯಿತು, ಶ್ರಾವಣವೂ ಒಣಗಿತು. ಭಾದ್ರಪದದಲ್ಲಿ ಒಮ್ಮೆಲೇ ಸುರಿಯಿತು. ಹುಲ್ಲು ಎದ್ದದ್ದೇ ಆಗ. ವಿಜಯದಶಮಿ ಮಾತ್ರ ತನ್ನ ದಿನಕ್ಕೇ ಬಂತು. ಡಂಗುರ ಹೊಡೆಸಿದರು. ನಲವತ್ತು ಜನರಿಗೆ ಬಿಲ್ಲೆ ಕೊಟ್ಟರು. ಬೇಟೆಗಾರನಿಗೂ ಒಂದು ಸಿಕ್ಕಿತು.

ಆ ಹೊತ್ತಿಗೆ ಅವನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆತ್ತು ಆರು ದಿನವಾಗಿತ್ತು. ಮಗು ಗಟ್ಟಿಯಾಗಿತ್ತು, ತಾಯಿ ಸೊರಗಿದ್ದಳು. ಗೌಜಲಕ್ಕಿಯ ಸಾರು ಕುಡಿಸಿದರೆ ಬಾಣಂತಿ ಬೇಗ ಚೇತರಿಸಿಕೊಳ್ಳುತ್ತಾಳೆ ಎಂದು ಸೂಲಗಿತ್ತಿ ಹೇಳಿದ್ದಳು. ಬೇಟೆಗಾರ ಬೆಳಗಾಗುತ್ತಲೇ ಬಿಲ್ಲೆ ಕಟ್ಟಿಕೊಂಡು, ಪಂಜರ ಹಿಡಿದು ಹೊರಟ. ಹೆಂಡತಿ ಒಲೆಯ ಮೇಲೆ ನೀರಿಟ್ಟು ಕಾದಳು.

ಅವನು ಉರುಲು ಹೂಡಿ ಮರೆಯಲ್ಲಿ ಕೂತ. ದೀಮದ ಹಕ್ಕಿ ಕೂಗಿತು. ಪೊದೆಯೊಳಗಿಂದ ಗಂಡು ಗೌಜಲಕ್ಕಿಯೊಂದು ಮರುಕೂಗು ಕೊಟ್ಟು ಹೊರಗೆ ಬಂತು. ಉರುಲಿಗೆ ಎರಡು ಮೊಳ ಉಳಿದಿರುವಾಗ ನಿಂತಿತು. ಹಿಂದಕ್ಕೆ ತಿರುಗಿತು. ಮತ್ತೆ ಮುಂದೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಜಗಳಕ್ಕೆ ಬಂದ ಹಕ್ಕಿ ಹೀಗೆ ಮಾಡುವುದನ್ನು ಅವನು ಹಿಂದೆ ಕಂಡಿರಲಿಲ್ಲ. ಎದ್ದು ಹೋಗಿ ಪೊದೆಯ ಬುಡದಲ್ಲಿ ಹುಲ್ಲು ಸರಿಸಿ ನೋಡಿದ. ಹೆಣ್ಣು ಹಕ್ಕಿ ರೆಕ್ಕೆ ಬಿಚ್ಚಿ ಕೂತಿತ್ತು. ಅದರ ಅಡಿಯಲ್ಲಿ ಮರಿಗಳಿದ್ದವು. ಮೊಟ್ಟೆಯೊಡೆದು ಎರಡು ದಿನವೂ ಆಗಿರಲಿಲ್ಲ. ಅವನು ಇನ್ನೂ ನಾಲ್ಕು ಪೊದೆ ನೋಡಿದ. ಮೂರರಲ್ಲಿ ಮರಿಗಳು. ಒಂದರಲ್ಲಿ ಇನ್ನೂ ಮೊಟ್ಟೆ. ಮಳೆ ತಡವಾದ ವರ್ಷ ಹಕ್ಕಿಗಳು ಗೂಡು ಕಟ್ಟಿದ್ದೂ ತಡವಾಗಿತ್ತು.

ಅವನು ಉರುಲು ಬಿಚ್ಚಿಕೊಂಡು ಮನೆಗೆ ಬಂದ. ತೋಳಿನ ಬಿಲ್ಲೆ ಬಿಚ್ಚಿ ಗೋಡೆಯ ಗೂಟಕ್ಕೆ ನೇತುಹಾಕಿದ. ಕಾರಣ ಕೇಳಿ ಹೆಂಡತಿಗೆ ಸಿಟ್ಟು ಬಂತು.

"ಹಿಡಿಯಿರಿ ಎಂದು ದೊರೆಗಳೇ ಹೇಳಿದ್ದಾರೆ. ಊರಿನವರೆಲ್ಲ ಹಿಡಿಯುತ್ತಿದ್ದಾರೆ. ನಿನಗೊಬ್ಬನಿಗೆ ಏನಾಯಿತು?"

"ದೊರೆಗಳು ಪಂಚಾಂಗ ನೋಡಿ ಹೇಳಿದ್ದಾರೆ. ನಾನು ಪೊದೆಯೊಳಗೆ ನೋಡಿ ಬಂದಿದ್ದೇನೆ," ಎಂದ ಅವನು.

ಒಳಗೆ ಮಲಗಿದ್ದ ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವ್ವನನ್ನು ಕರೆದು, ಹುರುಳಿ ಕಟ್ಟು ಇದ್ದರೆ ಕೊಡು ಎಂದಳು. ಅಪ್ಪನನ್ನು ಏನೂ ಕೇಳಲಿಲ್ಲ. ಹೆಂಡತಿಯೂ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಬೇಟೆಗಾರನಿಗೆ ಆ ದಿನ ಊಟ ಸೇರಲಿಲ್ಲ. ತಾನು ಮಾಡಿದ್ದು ಸರಿಯೆಂದು ಹುಲ್ಲುಗಾವಲಿನಲ್ಲಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳ ಮುಖ ನೋಡಿದಾಗ ಅಷ್ಟು ಚೆನ್ನಾಗಿ ಗೊತ್ತಾಗುತ್ತಿರಲಿಲ್ಲ.

ಮರುದಿನದಿಂದ ಅವನು ಪಂಜರವನ್ನು ಮನೆಯಲ್ಲೇ ಬಿಟ್ಟು, ಹೆಗಲಿಗೊಂದು ಚೀಲ ಹಾಕಿಕೊಂಡು ಬೆಳಿಗ್ಗೆ ಹುಲ್ಲುಗಾವಲಿಗೆ ಹೋಗಿ ಬರುತ್ತಿದ್ದ. ಮಧ್ಯಾಹ್ನ ಪೊರಕೆ ಕಟ್ಟುತ್ತಿದ್ದ.

ಅತ್ತ ಚೌಕಿಯಲ್ಲಿ ಅಧಿಕಾರಿಗೆ ಒಂದು ಸಂಶಯ ಹುಟ್ಟಿತು. ಬಿಲ್ಲೆ ಪಡೆದವರೆಲ್ಲ ದಿನವೂ ಹಕ್ಕಿ ತಂದು ತೋರಿಸುತ್ತಿದ್ದರು. ಸೀಮೆಗೇ ಹೆಸರಾದ ಉರುಲಿನವನು ಮಾತ್ರ ಏಳು ದಿನದಲ್ಲಿ ಒಂದು ಹಕ್ಕಿಯನ್ನೂ ತಂದಿರಲಿಲ್ಲ. ಆದರೆ ದಿನವೂ ಚೀಲ ಹೊತ್ತು ಹೋಗುವುದನ್ನು ಕಂಡವರಿದ್ದರು. ಕಳ್ಳದಾರಿಯಲ್ಲಿ ಹಕ್ಕಿ ಸಾಗಿಸುತ್ತಿದ್ದಾನೆ ಎಂದು ಅಧಿಕಾರಿ ನಿಶ್ಚಯಿಸಿದ. ಎಂಟನೆಯ ದಿನ ಬೆಳಿಗ್ಗೆ ತಾನೊಬ್ಬನೇ ಅವನ ಹಿಂದೆ ನಡೆದ.

ಹುಲ್ಲುಗಾವಲಿನ ನಡುವೆ ಬೇಟೆಗಾರ ಕೂತಾಗ ಅಧಿಕಾರಿ ಹೋಗಿ ಚೀಲ ಕಿತ್ತುಕೊಂಡು ಬಿಚ್ಚಿದ. ಒಳಗೆ ಗೆದ್ದಲು ತುಂಬಿದ ಹುತ್ತದ ಮಣ್ಣಿನ ಹೆಂಟೆಗಳಿದ್ದವು. ಬಿಲ್ಲೆ ಎಲ್ಲಿ ಎಂದು ಕೇಳಿದ. ಮನೆಯ ಗೂಟದಲ್ಲಿದೆ ಎಂದ ಬೇಟೆಗಾರ. ಬೇಟೆಯಾಡದವನು ಇಲ್ಲಿಗೆ ಬರುವುದೇಕೆ ಎಂದು ಅಧಿಕಾರಿ ಗದರಿದ. ಸದ್ದು ಮಾಡದೆ ಕೂರಬೇಕೆಂದು ಬೇಟೆಗಾರ ಕೈಮುಗಿದು ಕೇಳಿಕೊಂಡ. ಅಧಿಕಾರಿ ಕೂತ.

ಬೇಟೆಗಾರ ತುಟಿ ತೆರೆಯದೆ ಗಂಟಲಿನಲ್ಲೇ ಹೆಣ್ಣು ಹಕ್ಕಿಯ ದನಿ ಮಾಡಿದ. ಹುಲ್ಲಿನೊಳಗಿಂದ ಒಂದೊಂದೇ ಮರಿ ಹೊರಗೆ ಬಂತು. ಒಟ್ಟು ಏಳು. ಅವನು ಹೆಂಟೆ ಒಡೆದು ಗೆದ್ದಲು ಉದುರಿಸಿದ. ಮರಿಗಳು ಮುಗಿಬಿದ್ದು ತಿಂದವು. ಒಂದು ಮರಿ ಅಧಿಕಾರಿಯ ಮೆಟ್ಟಿನ ಮೇಲೆ ಹತ್ತಿ ಇಳಿಯಿತು. ಇವುಗಳ ತಾಯಿ ಎಲ್ಲಿ ಎಂದು ಅಧಿಕಾರಿ ಮೆಲ್ಲಗೆ ಕೇಳಿದ.

"ಮೊನ್ನೆ ಮೊನ್ನೆ ನಿಮ್ಮ ಚೌಕಿಯಲ್ಲೇ ತೋರಿಸಿ ಒಯ್ದಿರಬೇಕು, ಸ್ವಾಮಿ."

ಅಧಿಕಾರಿ ಹದಿನೈದು ವರ್ಷ ಹಕ್ಕಿಗಳ ಕಾಯಿದೆ ಕಾದವನು. ಹಕ್ಕಿಯ ಮರಿಯನ್ನು ಅವನು ಕಂಡದ್ದು ಅಂದೇ ಮೊದಲು. ಇವು ಆಳೆತ್ತರ ಹಾರಲು ಎಷ್ಟು ದಿನ ಬೇಕು ಎಂದು ಕೇಳಿದ. ಇನ್ನೂ ಹದಿನೈದು ದಿನ ಬೇಕು, ಅಷ್ಟರವರೆಗೆ ತಾಯಿಯಿಲ್ಲದೆ ಬದುಕುವುದು ಕಷ್ಟ ಎಂದ ಬೇಟೆಗಾರ. ಅಧಿಕಾರಿ ಎದ್ದ. ಬೇಟೆ ನಿಲ್ಲಿಸುವ ಅಧಿಕಾರ ಅವನಿಗಿರಲಿಲ್ಲ. ಕಾಯಿದೆ ಅನುಮತಿ ಕೊಟ್ಟವರನ್ನು ತಡೆದರೆ ಕಾಯಿದೆ ಮುರಿದವನು ತಾನೇ ಆಗುತ್ತಿದ್ದ. ಅವನು ಬೇಟೆಗಾರನನ್ನು ಕರೆದುಕೊಂಡು ಆಗಲೇ ಅರಮನೆಗೆ ಹೋದ.

ಅರಮನೆಯಲ್ಲಿ ಪಕ್ಕದ ಸಂಸ್ಥಾನದ ಅತಿಥಿಗಳು ಬಂದಿಳಿದಿದ್ದರು. ಮರುದಿನವೇ ಅವರಿಗಾಗಿ ಬೇಟೆ ಗೊತ್ತಾಗಿತ್ತು. ಅಧಿಕಾರಿ ತಾನು ಕಂಡದ್ದನ್ನು ದೊರೆಯ ಮುಂದೆ ಹೇಳಿದ. ತಾನು ಇಷ್ಟು ದಿನ ಕಾದ ಕಾಯಿದೆಯೇ ಈ ವರ್ಷ ಹಕ್ಕಿಗಳನ್ನು ಕೊಲ್ಲುತ್ತಿದೆ ಎಂದ. ದಿವಾನ ಒಪ್ಪಲಿಲ್ಲ. ನಲವತ್ತು ಜನರಿಗೆ ಕೊಟ್ಟ ಪರವಾನಗಿಯನ್ನು ನಡುವೆ ಕಿತ್ತುಕೊಂಡರೆ ನಾಳೆ ಅರಮನೆಯ ಮಾತನ್ನು ಯಾರೂ ನಂಬುವುದಿಲ್ಲ ಎಂದ. ಅದೂ ಸರಿಯಾಗಿಯೇ ಇತ್ತು. ದೊರೆ ಬೇಟೆಗಾರನ ಕಡೆ ತಿರುಗಿದ.

"ಬೇಟೆ ಬಿಡು ಎಂದು ನಿನಗೆ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ, ಬುದ್ಧಿ. ಹಿಡಿಯಲೇಬೇಕು ಎಂದೂ ಯಾರೂ ಹೇಳಿರಲಿಲ್ಲ. ಹಿಡಿಯಬಹುದು ಎಂದಿದ್ದರು, ಅಷ್ಟೆ."

ದೊರೆ ತನ್ನ ಬಿಲ್ಲೆಯನ್ನು ತರಿಸಿದ. ಅತಿಥಿಗಳು ಕೂತಿದ್ದಲ್ಲಿಗೆ ಹೋಗಿ ಅದನ್ನು ಅವರ ಮುಂದಿಟ್ಟ. ಮರಿಗಳು ಹಾರುವವರೆಗೆ ತಾನು ಕೋವಿ ಮುಟ್ಟುವುದಿಲ್ಲ, ಅವರಿಗೆ ಪರವಾನಗಿ ಇದೆ, ಬೇಕಾದರೆ ಕುದುರೆಗಳು ಸಿದ್ಧವಾಗಿವೆ ಎಂದ. ಯಾರೂ ಹೋಗಲಿಲ್ಲ. ಅವರಲ್ಲಿ ಹಿರಿಯನೊಬ್ಬ ಮುನಿಸಿಕೊಂಡು ಊಟ ಮುಗಿಸಿದವನೇ ಊರಿಗೆ ಹೊರಟುಹೋದ. ಆ ಸಂಸ್ಥಾನದೊಂದಿಗೆ ಗಟ್ಟಿಯಾಗುತ್ತಿದ್ದ ಸ್ನೇಹ ಸ್ವಲ್ಪ ಕಾಲ ತಣ್ಣಗಾಯಿತು. ದೊರೆ ಅದನ್ನು ಸಹಿಸಿಕೊಂಡ.

ಸುದ್ದಿ ಊರೂರಿಗೆ ಹೋಯಿತು. ಎರಡು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ತಾವಾಗಿ ಬಂದು ಚೌಕಿಯಲ್ಲಿ ಬಿಲ್ಲೆ ಬಿಟ್ಟು ಹೋದರು. ಹದಿಮೂರು ಜನ ಬಿಡಲಿಲ್ಲ. ಅವರನ್ನು ಯಾರೂ ಶಿಕ್ಷಿಸಲಿಲ್ಲ. ಅಧಿಕಾರಿ ಅವರು ತಂದ ಹಕ್ಕಿಗಳನ್ನು ಎಂದಿನಂತೆ ನೋಡಿ, ಎಂದಿನಂತೆ ಬಿಟ್ಟುಕೊಟ್ಟ. ಬೆಳಿಗ್ಗೆ ಚೌಕಿ ತೆರೆಯುವ ಮೊದಲು ಮಾತ್ರ ಅವನೂ ಒಂದು ಚೀಲ ಹೊತ್ತು ಹುಲ್ಲುಗಾವಲಿಗೆ ಹೋಗುತ್ತಿದ್ದ. ಏಳು ಮರಿಗಳಲ್ಲಿ ನಾಲ್ಕು ಉಳಿದವು.

ಹದಿನೈದು ದಿನ ಎಂದದ್ದು ಹದಿನೇಳಾಯಿತು. ಹದಿನೆಂಟನೆಯ ದಿನ ಬೇಟೆಗಾರ ಬಿಲ್ಲೆ ಕಟ್ಟಿಕೊಂಡು ಹೋಗಿ ಎರಡು ಹಕ್ಕಿ ಹಿಡಿದು ಚೌಕಿಗೆ ತಂದ. ಅಧಿಕಾರಿ ಎದ್ದು ನಿಂತು ನೋಡಿ ಕಳುಹಿಸಿದ. ಮನೆಯಲ್ಲಿ ಸಾರು ಆಗುವ ಹೊತ್ತಿಗೆ ಮಗಳು ಎದ್ದು ಓಡಾಡುತ್ತಿದ್ದಳು. ಮಗುವನ್ನು ಅಪ್ಪನ ಕೈಗೆ ಕೊಟ್ಟು, ಸಾರು ಕುಡಿದಳು.

ಮರುವರ್ಷ ದೊರೆ ಕಾಯಿದೆಗೆ ಒಂದು ಸಾಲು ಸೇರಿಸಿದ. ವಿಜಯದಶಮಿ ಬಂದರೂ ಮರಿಗಳು ಆಳೆತ್ತರ ಹಾರುವವರೆಗೆ ಬೇಟೆ ತೆರೆಯಕೂಡದು ಎಂದು. ಅದನ್ನು ನೋಡಿ ಹೇಳುವ ಕೆಲಸವನ್ನು ಬೇಟೆಗಾರನಿಗೇ ಕೊಡಲು ಹೊರಟಾಗ ಅವನು ಒಪ್ಪಲಿಲ್ಲ. ತನಗೂ ಹೊಟ್ಟೆಯಿದೆ, ಯಾವುದೋ ಒಂದು ವರ್ಷ ತನ್ನ ಕಣ್ಣಿಗೂ ಮರಿ ಬೇಗ ಬೆಳೆದಂತೆ ಕಾಣಬಹುದು, ಆದ್ದರಿಂದ ಅಧಿಕಾರಿಯೂ ಕೋವಿಯವನೊಬ್ಬನೂ ಜೊತೆಗೆ ಬಂದು ನೋಡಲಿ ಎಂದು ಕೇಳಿಕೊಂಡ. ಹಾಗೆಯೇ ಆಯಿತು. ಆ ಸಂಸ್ಥಾನ ಇರುವವರೆಗೆ ಆ ಸಾಲು ಕಾಯಿದೆಯಲ್ಲಿತ್ತು. ಆ ಹುಲ್ಲುಗಾವಲಿನಲ್ಲಿ ಹಕ್ಕಿಗಳೂ ಇದ್ದವು.

ಗುರುಗಳು ನಿಲ್ಲಿಸಿದರು. ಶಿಷ್ಯ, ಹಾಗಾದರೆ ಮೊದಲಿನ ಕಾಯಿದೆ ತಪ್ಪಾಗಿತ್ತೇ ಎಂದು ಕೇಳಿದ. ಅದು ಇಲ್ಲದಿದ್ದರೆ ಆ ವರ್ಷ ಪೊದೆಯೊಳಗೆ ಮರಿಗಳೇ ಇರುತ್ತಿರಲಿಲ್ಲ ಎಂದರು ಗುರುಗಳು. ಬೇಟೆಗಾರನೂ ಅದನ್ನು ಒಮ್ಮೆಯೂ ಮುರಿದವನಲ್ಲ ಎಂದರು.

"ನಾನೂ ಮುರಿದಿಲ್ಲವಲ್ಲ, ಗುರುಗಳೇ," ಎಂದ ಶಿಷ್ಯ.

"ಬಿಡು ಎಂದು ನಾವು ಹೇಳಿದ್ದನ್ನೆಲ್ಲ ನೀನು ಬಿಟ್ಟಿದ್ದೀಯೆ, ಇಟ್ಟುಕೊಳ್ಳಬಹುದು ಎಂದದ್ದರಲ್ಲಿ ಯಾವುದನ್ನು ಬಿಟ್ಟೆ?"