ಖಾಲಿ ಲಾರಿಯ ಪರೀಕ್ಷೆ

"ಕಣ್ಣಾರೆ ನೋಡಿ ತೀರ್ಮಾನ ಮಾಡಿದರೂ ಅದು ಅನ್ಯಾಯವಾಗುತ್ತದೆಯೇ, ಗುರುಗಳೇ?" ಎಂದು ಶಿಷ್ಯ ರೇವಣಯ್ಯ ಕೇಳಿದ.

ಮಠದ ಅಡುಗೆಮನೆಯ ಉಸ್ತುವಾರಿ ಅವನದು. ಊಟ ತಡವಾಗುತ್ತಿದೆಯೆಂದು ದೂರು ಬಂದಿತ್ತು. ಊಟದ ಪಂಕ್ತಿಯಲ್ಲಿ ಜನ ಹೆಚ್ಚಿದ ದಿನ ಒಬ್ಬಳಿಂದ ಆಗುವುದಿಲ್ಲ, ಜೊತೆಗೊಂದು ಆಳು ಕೊಡಿ ಎಂದು ಅಡುಗೆಯ ಚಂದಮ್ಮ ಕೇಳಿದ್ದಳು. ರೇವಣಯ್ಯ ಒಂದು ದಿನ ಬೆಳಗಿನಿಂದ ಒಲೆಯ ಪಕ್ಕದಲ್ಲೇ ಕುಳಿತು ನೋಡಿದ. ಅಂದು ಅಡುಗೆ ಹೊತ್ತಿಗೆ ಮುಂಚೆಯೇ ಆಯಿತು. ಹಾಗಾದರೆ ಉಳಿದ ದಿನ ಅವಳದು ಮೈಗಳ್ಳತನವೇ ಎಂದು ಅವನು ಅವಳನ್ನು ಕೆಲಸದಿಂದ ಬಿಡಿಸಿದ. ಈಗ ಜನ ಅವನನ್ನೇ ಆಡಿಕೊಳ್ಳುತ್ತಿದ್ದರು. ಅವನ ದನಿಯಲ್ಲಿ ಸಿಟ್ಟಿತ್ತು.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಒಂದು ಕತೆ ಹೇಳಿದರು.

ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿಯೊಂದರಲ್ಲಿ ಮಲ್ಕಪ್ಪ ಎಂಬ ಲಾರಿ ಚಾಲಕನಿದ್ದ. ಲಾರಿ ಹಳೆಯದು. ಹನ್ನೊಂದು ವರ್ಷದಿಂದ ಅದನ್ನು ಅವನೇ ಓಡಿಸುತ್ತಿದ್ದ. ಗಣಿಯಲ್ಲಿ ಕಲ್ಲು ಹೇರಿಕೊಂಡು ರೈಲು ನಿಲ್ದಾಣಕ್ಕೆ ಹೋಗುವುದು, ಇಳಿಸಿ ಮರಳುವುದು ಅವನ ಕೆಲಸ. ಒಂದು ಬೇಸಿಗೆಯಲ್ಲಿ ಆ ಲಾರಿ ವಿಪರೀತ ಡೀಸೆಲ್ ಕುಡಿಯತೊಡಗಿತು. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುತ್ತಿದ್ದದ್ದು ಮೂರಕ್ಕಿಂತ ಕೆಳಗಿಳಿಯಿತು. ಮಾಲೀಕ ಕೇಳುವ ಮೊದಲೇ ಮಲ್ಕಪ್ಪ ತಾನಾಗಿ ಹೋಗಿ ಹೇಳಿದ. ಕಲ್ಲು ಹೇರಿ ಸರತಿಯಲ್ಲಿ ನಿಂತಾಗ ಪೆಡಲಿನಿಂದ ಕಾಲು ತೆಗೆದರೂ ಎಂಜಿನ್ನಿನ ವೇಗ ಇಳಿಯುವುದಿಲ್ಲ, ನಿಂತಲ್ಲೇ ಅರಚುತ್ತದೆ. ಇಳಿಜಾರಿನಲ್ಲಿ ತಾನೇ ಮುಂದಕ್ಕೆ ನುಗ್ಗುತ್ತದೆ, ಬ್ರೇಕು ಕಾಯುತ್ತದೆ ಎಂದ.

ಮಾಲೀಕ ಲಾರಿಯನ್ನು ಗ್ಯಾರೇಜಿಗೆ ಕಳಿಸಿದ. ಅಲ್ಲಿನ ಮೇಸ್ತ್ರಿ ಆ ಸೀಮೆಯಲ್ಲೇ ಹೆಸರಾದವನು. ಅವನು ಏರ್ ಫಿಲ್ಟರ್ ಬಿಚ್ಚಿ ನೋಡಿದ, ನಾಜಲ್‌ಗಳನ್ನು ತೊಳೆದ, ಪಂಪು ನೋಡಿದ, ಡೀಸೆಲ್ ಎಲ್ಲಾದರೂ ಸೋರುತ್ತಿದೆಯೇ ಎಂದು ಹುಡುಕಿದ. ಏನೂ ಸಿಗಲಿಲ್ಲ. ಚಾಲೂ ಮಾಡಿದರೆ ಎಂಜಿನ್ ಹದವಾಗಿ ನಡೆಯಿತು. ಹದಿನೈದು ದಿನದ ಮೇಲೆ ಮತ್ತೆ ಕಳಿಸಿದರು. ಆಗಲೂ ಹಾಗೆಯೇ ನಡೆಯಿತು. ಕಲ್ಲು ಹೇರಿದಾಗ ಬಂದು ನೋಡಬೇಕೆಂದು ಮಲ್ಕಪ್ಪ ಬೇಡಿಕೊಂಡ. ಎಂಜಿನ್ ಇರುವುದು ಮುಂದೆ, ಕಲ್ಲು ಇರುವುದು ಹಿಂದೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಮೇಸ್ತ್ರಿ ನಕ್ಕುಬಿಟ್ಟ. ಎಂಜಿನ್‌ನಲ್ಲಿ ದೋಷವಿಲ್ಲ, ಡೀಸೆಲ್ ಬೇರೆಲ್ಲೋ ಹೋಗುತ್ತಿದೆ ಎಂದು ಮಾಲೀಕನಿಗೆ ಹೇಳಿ ಕಳಿಸಿದ.

ಮರುದಿನ ಮಾಲೀಕನ ಕಡೆಯ ಇಬ್ಬರು ಮಲ್ಕಪ್ಪನ ಮನೆಗೆ ಬಂದರು. ಡೀಸೆಲ್ ಕ್ಯಾನು ಬಚ್ಚಿಟ್ಟಿದ್ದಾನೆಯೇ ಎಂದು ನೀರಿನ ಕೊಡಗಳ ಹಿಂದೆ ನೋಡಿದರು, ಜೋಳದ ಚೀಲ ಸರಿಸಿ ನೋಡಿದರು. ಮಂಚದ ಕೆಳಗೂ ನೋಡಬೇಕೆಂದಾಗ, ಕಾಯಿಲೆಯಿಂದ ಮಲಗಿದ್ದ ಅವನ ಅತ್ತೆ ಗೋಡೆ ಹಿಡಿದು ಎದ್ದು ನಿಂತಳು. ಓಣಿಯವರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಏನೂ ಸಿಗಲಿಲ್ಲ. ಸಿಗದಿದ್ದರೆ ದಾರಿಯಲ್ಲೇ ಮಾರಿದ್ದಾನೆ ಎಂದು ಮಾಲೀಕ ಅವನನ್ನು ಕೆಲಸದಿಂದ ತೆಗೆದ.

ಕೆಲಸ ಹೋದದ್ದಕ್ಕಿಂತ ಆ ಮುದುಕಿ ಎದ್ದು ನಿಂತದ್ದು ಮಲ್ಕಪ್ಪನನ್ನು ಹೆಚ್ಚು ಸುಟ್ಟಿತು. ಸಿಕ್ಕರೂ ಕಳ್ಳ, ಸಿಗದಿದ್ದರೂ ಕಳ್ಳ, ಇದೆಂಥ ವಿಚಾರಣೆ ಎಂದು ಎದುರು ಬಂದವರನ್ನೆಲ್ಲ ಕೇಳಿದ. ಕೆಲವರು ಹೂಂಗುಟ್ಟಿದರು. ಹೊಟ್ಟೆಪಾಡಿಗೆ ಎಲ್ಲರೂ ಅಷ್ಟಿಷ್ಟು ಮಾಡುತ್ತಾರೆ, ಬಿಡು ಎಂದು ಕೆಲವರು ಸಮಾಧಾನ ಹೇಳಿದರು. ಆ ಸಮಾಧಾನ ಅವನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು. ಬೇರೆ ಗಣಿಗಳಲ್ಲಿ ಕೆಲಸ ಕೇಳಲು ಹೋದರೆ, ಅವನಿಗಿಂತ ಮೊದಲೇ ಅವನ ಹೆಸರು ಅಲ್ಲಿಗೆ ಹೋಗಿತ್ತು.

ಒಂದು ತಿಂಗಳು ಕಳೆಯಿತು. ಆ ಲಾರಿಗೆ ಹೊಸ ಚಾಲಕ ಬಂದಿದ್ದ. ಡೀಸೆಲ್ ಮಾತ್ರ ಮೊದಲಿನಂತೆಯೇ ಹೋಗುತ್ತಿತ್ತು. ಇವನೂ ಕಳ್ಳನೇ, ಇವನ ಮನೆಯನ್ನೂ ಜಾಲಾಡುತ್ತಾರಂತೆ ಎಂಬ ಸುದ್ದಿ ಒಂದು ಬೆಳಿಗ್ಗೆ ಮಲ್ಕಪ್ಪನ ಕಿವಿಗೆ ಬಿತ್ತು. ಹೊಸ ಚಾಲಕನ ಮುಖವನ್ನೂ ಅವನು ಕಂಡಿರಲಿಲ್ಲ. ಆದರೂ ತಿನ್ನುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ. ತಟ್ಟೆ ಸರಿಸಿ ಎದ್ದು ನೇರ ಗಣಿಗೆ ನಡೆದ.

ಲಾರಿ ಕಲ್ಲು ಹೇರಿಕೊಂಡು ತೂಕದ ಕಟ್ಟೆಯ ಮುಂದೆ ನಿಂತಿತ್ತು. ಕಲ್ಲು ಕೊಯ್ಯುವ ಯಂತ್ರದ ರಿಪೇರಿಗೆಂದು ಮೇಸ್ತ್ರಿಯೂ ಅಂದು ಅಲ್ಲಿಗೆ ಬಂದಿದ್ದ. ಮಲ್ಕಪ್ಪ ಲಾರಿಗೆ ಅಡ್ಡ ನಿಂತ. ಮಾಲೀಕ ಬಂದು ಗದರಿದ. ಹಿಂದಿನ ಲಾರಿಗಳವರು ಹಾರ್ನ್ ಹೊಡೆದರು. ಅವನು ಕದಲಲಿಲ್ಲ.

"ಮೇಸ್ತ್ರಿ, ಎರಡು ಸಲ ಖಾಲಿ ಗಾಡಿ ನೋಡಿ ನನಗ ಕಳ್ಳ ಮಾಡಿದ್ರಿ," ಎಂದ. "ಈಗ ಹೇರು ಅದ. ಈಗ ನೋಡ್ರಿ."

ಮೇಸ್ತ್ರಿ ಬೇಸರದಿಂದಲೇ ಬಾನೆಟ್ ಎತ್ತಿದ. ಎಂಜಿನ್ ನಿಂತಲ್ಲೇ ಅರಚುತ್ತಿತ್ತು. ಅದರ ವೇಗ ಇಳಿಸುವ ಸ್ಕ್ರೂ ತಿರುಗಿಸಿದ. ಇಳಿಯಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದ. ಆಗಲೂ ಇಳಿಯಲಿಲ್ಲ. ಅವನು ಲಾರಿಯ ಕೆಳಗೆ ತೂರಿದ. ಎಂಜಿನ್ ಕೂರುವ ರಬ್ಬರುಗಳಲ್ಲಿ ಒಂದು ಹರಿದಿತ್ತು. ಖಾಲಿಯಿದ್ದಾಗ ಎಂಜಿನ್ ತನ್ನ ಜಾಗದಲ್ಲೇ ಇರುತ್ತಿತ್ತು. ಕಲ್ಲಿನ ಭಾರಕ್ಕೆ ಚಾಸಿ ಬಾಗಿದಾಗ ಅದು ಒಂದು ಬೆರಳಿನಷ್ಟು ಸರಿದು ಆಕ್ಸಿಲರೇಟರ್ ರಾಡನ್ನು ಎಳೆದುಕೊಳ್ಳುತ್ತಿತ್ತು. ಯಾರ ಕಾಲೂ ಇಲ್ಲದೆ, ಕಾಲಿಟ್ಟು ಒತ್ತಿದಂತೆ ಡೀಸೆಲ್ ಹರಿಯುತ್ತಿತ್ತು. ಮೇಸ್ತ್ರಿ ರಾಡಿನ ಕೊಂಡಿ ಬಿಚ್ಚಿದ. ಎಂಜಿನ್ನಿನ ದನಿ ತಟ್ಟನೆ ಇಳಿಯಿತು. ಹಾರ್ನ್ ಹೊಡೆಯುತ್ತಿದ್ದವರೂ ನಿಲ್ಲಿಸಿದರು.

ನಾಳೆಯಿಂದ ಕೆಲಸಕ್ಕೆ ಬಾ ಎಂದು ಮಾಲೀಕ ಹೇಳಿದ. ಆ ಮಾತನ್ನು ತನ್ನ ಓಣಿಗೆ ಬಂದು, ತನ್ನ ಅತ್ತೆಯ ಮುಂದೆ ನಿಂತು ಹೇಳಬೇಕೆಂದು ಮಲ್ಕಪ್ಪ ಕೇಳಿದ. ಮಾಲೀಕನ ಮುಖ ಕೆಂಪಾಯಿತು.

"ನಾ ಎರಡು ಸಲ ತಪಾಸ್ ಮಾಡ್ಸೀನಿ. ಇದರಾಗ ನನ್ನ ತಪ್ಪೇನದ?"

"ಎಲ್ಲಾ ಮಾಡ್ಸೀರಿ ಧಣಿ. ನಾ ಹೇಳಿದ್ದೊಂದು ಬಿಟ್ಟು."

ಮಲ್ಕಪ್ಪ ಮತ್ತೆ ಆ ಲಾರಿ ಹತ್ತಲಿಲ್ಲ. ಹೊಸ ಚಾಲಕನ ಮನೆಗೆ ಯಾರೂ ಹೋಗಲಿಲ್ಲ, ಅವನ ಕೆಲಸ ಉಳಿಯಿತು. ಮುಂದಿನ ವಾರ ಮೇಸ್ತ್ರಿ ಒಬ್ಬನೇ ಆ ಓಣಿಗೆ ಬಂದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ನಾನು ಸರಿಯಾಗಿ ನೋಡಲಿಲ್ಲ ತಾಯಿ, ನಿಮ್ಮ ಅಳಿಯ ಹೇಳಿದ್ದೇ ನಿಜ ಎಂದು ಮುದುಕಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ. ಬೇರೊಂದು ಗಣಿಯಲ್ಲಿ ಮಲ್ಕಪ್ಪನಿಗೆ ಕೆಲಸ ಕೊಡಿಸಿದವನೂ ಅವನೇ. ಮಾಲೀಕ ಮಾತ್ರ ಆ ಓಣಿಯ ಕಡೆ ತಲೆ ಹಾಕಲಿಲ್ಲ.

ಕತೆ ಇಲ್ಲಿಗೆ ನಿಂತಿತು. ರೇವಣಯ್ಯನ ಸಿಟ್ಟು ಈಗ ಮಾಲೀಕನ ಮೇಲೆ ತಿರುಗಿತ್ತು. ದುಡಿಯುವವನ ಮಾತಿಗೆ ಕಿವಿಗೊಡದವನು ಯಜಮಾನನಾಗಿ ಕೂರಬಾರದು, ಅಂಥವನಿಗೆ ಯಾರೂ ದುಡಿಯಬಾರದು ಎಂದ.

ಗುರುಗಳು ಕೇಳಿದರು: "ನೀನು ಅಡುಗೆಮನೆಯಲ್ಲಿ ಕುಳಿತು ನೋಡಿದ ದಿನ ಪಂಕ್ತಿಯಲ್ಲಿ ಎಷ್ಟು ಜನರಿದ್ದರು, ರೇವಣಯ್ಯ?"