ಜಾಲಿಕಣಿವೆಯ ದಾದಾಪೀರ ಮತ್ತು ಎಡಗಾಲಿಯ ಸಪ್ಪಳ

ಬಹಳ ಹಿಂದೆ, ಜಾಲಿಕಣಿವೆ ಎಂಬ ಒಂದು ಊರಿನಲ್ಲಿ, ಮಾಘ ಬಹುಳ ತದಿಗೆಯ ಗುರುವಾರ ಬೆಳಗ್ಗೆ ಒಂಬತ್ತೂಕಾಲು ಗಂಟೆಗೆ ಈ ಸಂಗತಿ ಮೊದಲಾಯಿತು. ವರ್ಷ ಯಾವುದೆಂದು ಕೇಳಬೇಡಿ. ತಿಥಿ ನೆನಪಿಟ್ಟವರು ಸಂವತ್ಸರವನ್ನು ಮರೆತುಬಿಟ್ಟಿದ್ದಾರೆ. ಗಂಟೆ ಮಾತ್ರ ಖಚಿತ. ಅಂದು ಡಾಕ್ಟರ್ ವಿಮಲಾಬಾಯಿಯವರು ಕೈಗಡಿಯಾರ ನೋಡಿಕೊಂಡು, "ಕಾಲುಗಂಟೆ ಕೊಡುತ್ತೇನೆ, ಹೆಚ್ಚಿಲ್ಲ" ಎಂದಿದ್ದನ್ನು ಹತ್ತು ಮಂದಿ ಕೇಳಿದ್ದರು.

ಜಾಲಿಕಣಿವೆ ಇರುವುದು ಬೋಳುಗುಡ್ಡದ ನೆತ್ತಿಯ ಮೇಲೆ. ಅಲ್ಲಿಂದ ಕೆಳಗಿನ ಪಟ್ಟಣಕ್ಕೆ ಏಳು ತಿರುವುಗಳ ಇಳಿಜಾರು. ಮೊದಲ ತಿರುವಿಗೆ ಮುಂಚೆ, ಬೇವಿನ ಮರದ ಮಗ್ಗುಲಲ್ಲಿ, ದಾದಾಪೀರ ಮೇಸ್ತ್ರಿಯ ತಗಡಿನ ಶೆಡ್ಡು. ಅವನ ಅಜ್ಜ ಬಂಡಿಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದನಂತೆ. ಅಪ್ಪ ಬಸ್ಸುಗಳ ಚಕ್ರ ಕಳಚಿದವನಂತೆ. ದಾದಾಪೀರ ಮಾತ್ರ ಮುಂದಿನ ಗಾಲಿಗಳ ಸಪ್ಪಳವನ್ನು ಕೇಳಿದನಂತೆ. ಎಂಜಿನ್ನಿನ ಗೊಡವೆ ಅವನಿಗಿರಲಿಲ್ಲ, ಬಣ್ಣದ ಗೊಡವೆ ಇರಲಿಲ್ಲ. ಗಾಲಿಯನ್ನು ಒಡಲಿಗೆ ಕಟ್ಟಿಹಾಕಿದ ಕೀಲು, ಸ್ಪ್ರಿಂಗು, ರಬ್ಬರು, ಇಷ್ಟೇ ಅವನ ರಾಜ್ಯ.

ಅವನ ಪದ್ಧತಿಯೊಂದಿತ್ತು. ಗಾಡಿಯನ್ನು ಅವನು ಮೊದಲು ಮುಟ್ಟುತ್ತಿರಲಿಲ್ಲ. ಎಂಜಿನ್ ಆರಿಸಬೇಕು. ಸುತ್ತಲಿನವರು ಸುಮ್ಮನಾಗಬೇಕು. ಸಪ್ಪಳ ಕೇಳಿದವರು ಅದನ್ನು ತಮ್ಮ ಬಾಯಿಂದಲೇ ಮಾಡಿ ತೋರಿಸಬೇಕು. ಯಾರಾದರೂ ನಕ್ಕರೆ, ನಕ್ಕವರೇ ಗಾಡಿಯನ್ನು ಶೆಡ್ಡಿನೊಳಗೆ ನೂಕಬೇಕು. ಸಾಹುಕಾರರು "ಟಕಟಕ" ಎಂದರು, ಪೂಜಾರರು "ಕಿಂಯ್ ಕಿಂಯ್" ಎಂದರು, ಫೌಜುದಾರರೊಬ್ಬರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು "ಗುಡುಗುಡು" ಎಂದರು. ಹಾಗೆನ್ನುತ್ತಾರೆ.

ಆ ಗುರುವಾರ ಡಾಕ್ಟರ್ ವಿಮಲಾಬಾಯಿಯವರ ಕಾರಿನ ಹಿಂದಿನ ಸೀಟಿನಲ್ಲಿ ಹುಲಿಗೆವ್ವ ಎಂಬ ತುಂಬುಗರ್ಭಿಣಿ ಮಲಗಿದ್ದಳು. ಅವಳ ತಲೆ ಅತ್ತೆ ದ್ಯಾಮವ್ವನ ತೊಡೆಯ ಮೇಲಿತ್ತು. ಕೂಸು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ನೋವು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿತ್ತು. ಮಧ್ಯಾಹ್ನ ಒಂದು ಗಂಟೆಯೊಳಗೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ತಲುಪಿಸಿ ಆಪರೇಷನ್ ಮಾಡಿಸದಿದ್ದರೆ ತಾಯಿಯೂ ಉಳಿಯಲಾರಳು, ಕೂಸೂ ಉಳಿಯಲಾರದು. ಗುಡ್ಡದ ಮೇಲೆ ಇದ್ದುದು ಅದೊಂದೇ ಕಾರು.

ವಿಮಲಾಬಾಯಿಯವರಿಗೆ ನಿಲ್ಲುವ ಮನಸ್ಸಿರಲಿಲ್ಲ. ನಿಲ್ಲಿಸಿದವನು ಡ್ರೈವರ್ ಯಂಕೋಬ. ಹದಿನೈದು ದಿನಗಳಿಂದ ಗಾಡಿಯ ಮುಂಭಾಗ ಸದ್ದು ಮಾಡುತ್ತಿತ್ತು. ಪಟ್ಟಣದ ಗ್ಯಾರೇಜೊಂದರಲ್ಲಿ, ರಬ್ಬರ್ ಬುಷ್ ಒಣಗಿದೆ ಎಂದು ಎಣ್ಣೆ ಬಿಟ್ಟು ಕಳುಹಿಸಿದ್ದರು. ಮೇಸ್ತ್ರಿಗೆ ತೋರಿಸದೆ ತಾನು ಕಣಿವೆ ಇಳಿಸಲಾರೆನೆಂದು ಯಂಕೋಬ ಹಟ ಹಿಡಿದ. ಹುಲಿಗೆವ್ವಳನ್ನು ಬೇವಿನ ನೆರಳಿನ ಹೊರಸಿನ ಮೇಲೆ ಮಲಗಿಸಿದರು. ಎದುರಿನ ಚಹಾದಂಗಡಿಯವರು ತಂಬಿಗೆ ನೀರು ತಂದಿಟ್ಟು, ಕೈಕಟ್ಟಿ ನಿಂತರು.

ಯಂಕೋಬ ಗಂಟಲು ಸರಿಮಾಡಿಕೊಂಡು "ಕಿರ್ರ್, ಕಿರ್ರ್" ಎಂದ.

"ರಬ್ಬರು," ಎಂದ ದಾದಾಪೀರ. "ರಬ್ಬರು ಅಳತೈತಿ, ಆದರ ಕೊಲ್ಲಂಗಿಲ್ಲ. ಬಾಯಾರು ಗಾಡ್ಯಾಗ ಎಲ್ಲಿ ಕುಂದರತಾರ?"

"ಮುಂದ, ನನ್ನ ಎಡಕ್ಕ."

"ಹಂಗಾರ ಎಡಗಾಲಿ ಇರೋದು ಅವರ ಪಾದದ ಕೆಳಗ. ಅದರ ಸುದ್ದಿ ನಿನಗೇನು ಗೊತ್ತೋ ಯಂಕೋಬಾ?"

ಹೀಗೆಂದು ಅವನು ಡಾಕ್ಟರರ ಕಡೆ ತಿರುಗಿ ಕೈಮುಗಿದ. ವಿಮಲಾಬಾಯಿಯವರು ವೇಳೆ ಕಳೆಯದೆ ಹೇಳಿದರು. ಮಂದಗತಿಯಲ್ಲಿ, ತಿರುವಿನಲ್ಲಿ, ಎಡಭಾಗದಿಂದ, ಗಡುಸಾದ ಒಂದು ಶಬ್ದ ಬರುತ್ತದೆ. ಪಾದಕ್ಕೂ ತಾಗುತ್ತದೆ.

"ಬರೋಬ್ಬರಿ ಹೇಳಿದ್ರಿ ಬಾಯಾರ. ಎಲ್ಲಿಂದ ಬಂತು, ಯಾವಾಗ ಬಂತು, ಎಲ್ಲಾ ಹೇಳಿದ್ರಿ. ಬಂದದ್ದು ಏನಂತ ಹೇಳಲಿಲ್ಲ."

"ಶಬ್ದ ಎಂದೆನಲ್ಲ."

"ಅದು ಮಾತಾತ್ರಿ. ನನಗ ಸಪ್ಪಳ ಬೇಕು."

ಮೂವತ್ತು ವರ್ಷಗಳಿಂದ ಆ ಸೀಮೆಯಲ್ಲಿ ವಿಮಲಾಬಾಯಿಯವರು ಧ್ವನಿಯೇರಿಸಿದ್ದನ್ನು ಕೇಳಿದವರಿರಲಿಲ್ಲ. ಅವರು ನಡೆದುಬಂದರೆ ಕಟ್ಟೆಯ ಮೇಲೆ ಕುಳಿತವರು ಏಳುತ್ತಿದ್ದರು. ಹೆಣ್ಣೊಬ್ಬಳು ಡಾಕ್ಟರಾಗಿ ಬಂದಾಗ ಬೆನ್ನ ಹಿಂದೆ ನಕ್ಕ ಊರು ಅದು. ಆ ನಗೆಯನ್ನು ಅಡಗಿಸಲು ಅವರಿಗೆ ಹತ್ತು ವರ್ಷ ಹಿಡಿದಿತ್ತು. ಈಗ ಅದೇ ಊರಿನ ನಡುಬೀದಿಯಲ್ಲಿ ಬಾಯಿಂದ ಗಾಡಿಯ ಸದ್ದು ಮಾಡಬೇಕಿತ್ತು. ತಾವು ಇಲ್ಲಿ ಆಟ ತೋರಿಸಲು ಬಂದಿಲ್ಲವೆಂದರು. ಗಾಡಿ ತೆಗೆಯುವಂತೆ ಯಂಕೋಬನಿಗೆ ಹೇಳಿದರು. ಯಂಕೋಬ ನೆಲ ನೋಡುತ್ತ ನಿಂತ.

ಆಗ ಹೊರಸಿನ ಬಳಿಯಿಂದ ದ್ಯಾಮವ್ವ ಬಾಯಿ ಹಾಕಿದಳು: "ಅಲ್ರೀ ಬಾಯಾರ, ನಸಿಕಿನ್ಯಾಗ ನನ್ನ ಸೊಸಿ ಹಲ್ಲು ಕಚ್ಚಿ ಬ್ಯಾನಿ ತಿನ್ನುವಾಗ ನೀವ ಅಂದ್ರಲ್ಲ, ನಾಚಬ್ಯಾಡ ಮಗಳ, ಒದರು, ಅಂತ. ಆಕಿ ಹತ್ತು ಮಂದಿ ಗಂಡಸರ ಮುಂದ ಒದರಿದಳು. ಈಗ ಆಕಿ ಸಲುವಾಗಿ ನೀವೊಂದ್ಸಲ ಒದರ್ರಲಾ!"

ವಿಮಲಾಬಾಯಿಯವರು ದ್ಯಾಮವ್ವನನ್ನು ನೋಡಿದರು. ಹುಲಿಗೆವ್ವಳನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಎಡಪಾದವನ್ನು ಗಾಡಿಯಲ್ಲಿ ಊರುವಂತೆಯೇ ನೆಲಕ್ಕೆ ಊರಿ, ಅದಕ್ಕೆ ತಾಗಿದ್ದನ್ನು ನೆನಪಿಗೆ ತಂದುಕೊಂಡರು. ಅವರ ಬಾಯಿಂದ ಬಂತು: "ಗ್ರ್ರ್ರ್... ಕೊಟಕ್."

ಚಹಾದಂಗಡಿಯ ಕಲ್ಲಪ್ಪ ಫಕ್ಕನೆ ನಕ್ಕ. ನಕ್ಕವನು ತನ್ನ ಶಿಕ್ಷೆ ತಾನೇ ತಿಳಿದು, ಧೋತರ ಮೇಲೆ ಕಟ್ಟಿ, ಗಾಡಿಯ ಹಿಂದೆ ಹೋಗಿ ನಿಂತ.

ದಾದಾಪೀರ ನಗಲಿಲ್ಲ. "ಕೊಟಕ್ ಅನ್ನೂದು ಮೊದಲೋ, ಕಡೀಗೋ?"

"ಕಡೆಗೆ. ಚಕ್ರ ಪೂರ್ತಿ ತಿರುಗಿ ನಿಂತಾಗ. ಒಮ್ಮೆ ಮಾತ್ರ."

ದಾದಾಪೀರ ಗಾಡಿಯ ಕೀಲಿಯನ್ನು ಕಿತ್ತು ತನ್ನ ಕಿಸೆಗೆ ಹಾಕಿಕೊಂಡ.

ಗಾಡಿ ಒಳಗೆ ಹೋಯಿತು. ಜಾಕ್ ಕೊಟ್ಟು ಎಡಗಾಲಿಯನ್ನು ಎತ್ತಿ, ಅದರ ಅಡಿಗೆ ಹಾರೆ ತೂರಿಸಿ ಮೀಟಿದ. ಡಾಕ್ಟರರನ್ನು ಕರೆದು ಒಂದೆಡೆ ಕೈಯಿಡಲು ಹೇಳಿದ. ವಿಮಲಾಬಾಯಿಯವರು ಸೀರೆಯ ನೆರಿಗೆ ಎತ್ತಿಕಟ್ಟಿ, ಮಣ್ಣಿನಲ್ಲಿ ಮಂಡಿಯೂರಿ ಕೈಯಿಟ್ಟರು. ಕಬ್ಬಿಣದ ಗುಂಡೊಂದು ಕಬ್ಬಿಣದ ಬಟ್ಟಲಿನೊಳಗೆ ಜಾರಿತು, ಬಡಿಯಿತು, ಹಿಂದೆ ಬಂತು. ತೊಡೆಯ ಮೂಳೆ ಸೊಂಟದಲ್ಲಿ ಕೂತಿರುವಂತೆಯೇ ಗಾಲಿ ಆ ಕೀಲಿನಲ್ಲಿ ಕೂತಿತ್ತು, ಬಟ್ಟಲಿನ ಅಂಚು ಮಾತ್ರ ಸವೆದು ಬ್ಲೇಡಿನಷ್ಟು ತೆಳ್ಳಗಾಗಿತ್ತು.

"ಬಾಲ್ ಜಾಯಿಂಟ್ರಿ," ಎಂದ ದಾದಾಪೀರ. "ರಬ್ಬರು ಅಳೂದಷ್ಟ ಎಲ್ಲಾರಿಗೂ ಕೇಳಿಸೇತಿ. ಇಳಿಜಾರಿನಾಗ ಬ್ರೇಕ್ ಒತ್ತಿ ತಿರುಗಿಸಿದ್ರ ಗುಂಡು ಹೊರಗ, ಗಾಲಿ ಹೊರಗ, ನೀವು ಕಮರಿಯಾಗ." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, "ಆಕಿಗೆ ಎಷ್ಟು ಹೊತ್ತು ಐತ್ರಿ?"

ವಿಮಲಾಬಾಯಿಯವರು ಹೊರಸಿನ ಬಳಿ ಹೋಗಿ, ಹುಲಿಗೆವ್ವಳ ಹೊಟ್ಟೆಯ ಮೇಲೆ ಕೊಳವೆಯಿಟ್ಟು, ಕಿವಿಗೊಟ್ಟು ಕೇಳಿ ಬಂದರು. ಹನ್ನೊಂದರೊಳಗೆ ಹೊರಟರೆ ಸಾಕು ಎಂದರು.

ಹಾಳಾದ ಕಾರೊಂದರಿಂದ ಎಂದೋ ಬಿಚ್ಚಿ, ಗ್ರೀಸ್ ಬಳಿದು ಬಟ್ಟೆ ಸುತ್ತಿಟ್ಟಿದ್ದ ಜಾಯಿಂಟೊಂದು ದಾದಾಪೀರನ ಡಬ್ಬಿಯಲ್ಲಿತ್ತು. ಅವನು ಅವಸರಿಸಲಿಲ್ಲ. ಹಳೆಯದನ್ನು ಬಡಿದು ಇಳಿಸಿದ, ಡಬ್ಬಿಯದನ್ನು ಕೂರಿಸಿದ, ಹಾರೆಯಿಂದ ಮೂರು ಸಲ ಮೀಟಿ ನೋಡಿದ. ಗಾಡಿ ಹೊರಟಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಮೊದಲ ತಿರುವಿನಲ್ಲಿ ರಬ್ಬರು ಕಿರ್ರ್ ಎಂದಿತು. ಏಳನೆಯದರಲ್ಲೂ ಕಿರ್ರ್ ಎಂದಿತು, ಮತ್ತೇನೂ ಅನ್ನಲಿಲ್ಲ. ಹನ್ನೆರಡೂವರೆಗೆ ಹುಲಿಗೆವ್ವಳಿಗೆ ಹೆಣ್ಣು ಹುಟ್ಟಿತು. ತಾಯಿಯೂ ಉಳಿದಳು.

ಮಾತು ಬಾಯಿಂದ ಬಾಯಿಗೆ ಹೋಗುತ್ತ ಬೆಳೆಯಿತು. ಹಾರೆ ತಾಗಿದೊಡನೆ ಗಾಲಿ ಕಳಚಿ ಏಳು ತಿರುವುಗಳನ್ನೂ ತಾನೇ ಉರುಳಿಕೊಂಡು ಇಳಿಯಿತೆನ್ನುವವರಿದ್ದಾರೆ. ಕೂಸು ಹುಟ್ಟಿದೊಡನೆ "ಕೊಟಕ್" ಎಂದು ಅತ್ತಿತೆನ್ನುವವರೂ ಇದ್ದಾರೆ. ಅಷ್ಟೆಲ್ಲ ಆಗಲಿಲ್ಲ.

ದಾದಾಪೀರ ಈಗಿಲ್ಲ. ಅವನ ಗೋರಿ ಎಲ್ಲಿದೆಯೆಂದು ಕೇಳಿದರೆ ಮೂರು ಜನ ಮೂರು ದಿಕ್ಕು ತೋರಿಸುತ್ತಾರೆ. ಆದರೆ ಜಾಲಿಕಣಿವೆಯಲ್ಲಿ ಇಂದಿಗೂ ಯಾವ ಗಾಡಿಯೂ ಹಾಗೆಯೇ ಇಳಿಯುವುದಿಲ್ಲ. ಬೇವಿನ ಮರದ ಬಳಿ ನಿಂತು, ಇಳಿದು, ಎಡಗಾಲಿಯನ್ನು ಕೈಯಿಂದ ಮೂರು ಸಲ ಅಲುಗಿಸಿ ಹೊರಡುತ್ತಾರೆ. ಅಲ್ಲಿನ ಶೆಡ್ಡುಗಳಲ್ಲಿ ಇಂದಿಗೂ ಗಾಡಿಯ ಯಜಮಾನನೇ ಬಾಯಿಂದ ಸಪ್ಪಳ ಮಾಡಬೇಕು, ನಕ್ಕವನೇ ನೂಕಬೇಕು.

ಡಾಕ್ಟರರ ವಿಷಯ ಇಷ್ಟು. ನಡುಬೀದಿಯ ಆ ಸದ್ದಿನ ಸುದ್ದಿ ಅವರಿಗಿಂತ ಮೊದಲೇ ಪಟ್ಟಣ ಮುಟ್ಟಿತ್ತು. ಘನತೆಯ ಪ್ರಶ್ನೆ, ಸುಳ್ಳೆಂದು ಹೇಳಿಬಿಡಿ, ಎಂದು ಆಸ್ಪತ್ರೆಯ ಹಿರಿಯರು ಸೂಚಿಸಿದರು. ವಿಮಲಾಬಾಯಿಯವರು ಒಂದು ರಾತ್ರಿ ಯೋಚಿಸಿದರು. ಮರುದಿನದಿಂದ, ಕೇಳಿದವರಿಗೆಲ್ಲ ಆ ಸಪ್ಪಳವನ್ನು ಮಾಡಿಯೇ ತೋರಿಸುವುದೆಂದು ನಿರ್ಧರಿಸಿದರು.